ಪಟ್ಟಿಯಲ್ಲಿಲ್ಲದ ಪಾಷಾಣ

ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಎಂದು ನಮ್ಮಲ್ಲೊಂದು ಗಾದೆಯಿದೆ. ಅಂತರರಾಷ್ಟ್ರೀಯ ವಿಜ್ಞಾನವೂ ಹಾಗೆಯೇ ಒಂದು ಕಾಲಕ್ಕೆ ಬಾಂಗ್ಲಾದೇಶದ ಊರುಗಳಿಗೆ ಬಂದಿತು, ಬಂದಮೇಲೆ ನೀರಿಗೂ ಬಂದಿತು. ಸೀಸೆಗಳಲ್ಲಿ ನೀರು ತುಂಬಿಕೊಂಡು, ಮುಚ್ಚಳ ಬಿಗಿದು, ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಒಯ್ದು, ಬಹಳ ಶ್ರದ್ಧೆಯಿಂದ ಪರೀಕ್ಷಿಸಿ ವರದಿಯೊಂದನ್ನು ಬರೆಯಿತು. ವರದಿಯಲ್ಲಿ ಹಲವು ಧಾತುಗಳ ಲೆಕ್ಕವಿತ್ತು. ನೀರಿನಲ್ಲಿದ್ದ ಪಾಷಾಣದ, ಎಂದರೆ ಆರ್ಸೆನಿಕ್ ಎಂಬ ವಿಷಧಾತುವಿನ, ಲೆಕ್ಕ ಮಾತ್ರ ಇರಲಿಲ್ಲ. ಇದನ್ನು ಅಲಕ್ಷ್ಯವೆಂದು ಕರೆಯುವವರು ವಿಜ್ಞಾನದ ರೀತಿನೀತಿಗಳನ್ನು ಅರಿಯದವರು. ಪಾಷಾಣವು ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೆ. ಪಟ್ಟಿಯಲ್ಲಿಲ್ಲದ್ದನ್ನು ಹುಡುಕುವುದಕ್ಕೆ ಕುತೂಹಲವೆಂದು ಹೆಸರು, ಮತ್ತು ಕುತೂಹಲಕ್ಕೆ ಯಾವ ಅನುದಾನದ ಲೆಕ್ಕಪತ್ರದಲ್ಲಿಯೂ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ.

ಕಥೆ ಆರಂಭವಾಗುವುದು ಒಳ್ಳೆಯ ಉದ್ದೇಶದಿಂದಲೇ. ಗಂಗೆ, ಬ್ರಹ್ಮಪುತ್ರ, ಮೇಘನಾ ನದಿಗಳು ಕೂಡುವ ಆ ನಾಡಿನಲ್ಲಿ ನೀರಿಗೆ ಕೊರತೆಯಿರಲಿಲ್ಲ, ಕುಡಿಯುವ ನೀರಿಗೆ ಇತ್ತು. ಕೆರೆಕುಂಟೆಗಳ ನೀರು ಕುಡಿದ ಕೂಸುಗಳು ಕಾಲರಾ, ಆಮಶಂಕೆಗಳಿಂದ ಸಾಯುತ್ತಿದ್ದವು. 1970ರ ದಶಕದಲ್ಲಿ ಯುನಿಸೆಫ್ ಸಂಸ್ಥೆಯು ಅಲ್ಲಿನ ಸರ್ಕಾರದೊಡನೆ ಸೇರಿ ಹಳ್ಳಿಹಳ್ಳಿಯಲ್ಲಿ ಆಳವಿಲ್ಲದ ಕೊಳವೆಬಾವಿಗಳನ್ನು ಕೊರೆಯಿಸಿ ಕೈಪಂಪು ಕೂರಿಸಿತು. ನೆಲದ ಮೇಲಿನ ನೀರು ಕೊಳಕು, ನೆಲದೊಳಗಿನ ನೀರು ಶುದ್ಧ ಎಂಬ ಪಾಠವನ್ನು ಜನ ಎಷ್ಟು ಚೆನ್ನಾಗಿ ಕಲಿತರೆಂದರೆ, ಮುಂದೆ ಸ್ವಂತ ದುಡ್ಡಿನಲ್ಲಿಯೇ ಮನೆಯಂಗಳದಲ್ಲಿ ಪಂಪು ಹಾಕಿಸಿಕೊಂಡರು. ದೇಶದಲ್ಲಿ ಅಂಥ ಬಾವಿಗಳ ಸಂಖ್ಯೆ ಸುಮಾರು 1 ಕೋಟಿಯವರೆಗೆ ಬೆಳೆಯಿತು. ಎಷ್ಟೋ ಮಕ್ಕಳು ಬದುಕಿ ಉಳಿದದ್ದೂ ನಿಜ, ಅದನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ನೀರಿನಲ್ಲಿ ರೋಗಾಣು ಇಲ್ಲವೆಂದು ತಿಳಿದ ಕೂಡಲೇ ಇನ್ನೇನೂ ಇಲ್ಲವೆಂದು ನಿಶ್ಚಯಿಸಿಕೊಂಡು ಎರಡು ದಶಕ ನೆಮ್ಮದಿಯಾಗಿದ್ದ ಪಂಡಿತರ ಗಾಢ ನಂಬಿಕೆಯೇ ಈ ಲೇಖನದ ವಸ್ತು.

ಇನ್ನೇನಿತ್ತು ಎಂಬುದನ್ನು ನದಿಗಳೇ ಹೇಳಬೇಕು. ನಿಜ ಹೇಳುವುದಾದರೆ, ಆ ಪ್ರದೇಶದಲ್ಲಿ ಯಾವ ಒಡಂಬಡಿಕೆಗೂ ಸಹಿ ಹಾಕದೆ, ಯಾವ ವಿಚಾರಸಂಕಿರಣವನ್ನೂ ನಡೆಸದೆ ಅಂತರರಾಷ್ಟ್ರೀಯ ಸಹಯೋಗವನ್ನು ಯಶಸ್ವಿಯಾಗಿ ಪೂರೈಸಿದವು ಈ ನದಿಗಳು ಮಾತ್ರ. ಟಿಬೆಟ್, ನೇಪಾಳ, ಭೂತಾನ, ಭಾರತಗಳಿಂದ ಹಿಮಾಲಯದ ಮಣ್ಣನ್ನು ಸಾವಿರಾರು ವರ್ಷ ಹೊತ್ತು ತಂದು ಬಾಂಗ್ಲಾದೇಶದಲ್ಲಿ ಪದರಪದರವಾಗಿ ಹಾಸಿದವು. ಆ ಮಣ್ಣಿನ ಕಣಗಳ ಮೇಲಿನ ಕಬ್ಬಿಣದ ಲೇಪಕ್ಕೆ ಆರ್ಸೆನಿಕ್ ಅಂಟಿಕೊಂಡಿತ್ತು. ಗಾಳಿಯಾಡದ ಆಳದಲ್ಲಿ, ಕೊಳೆತ ಸಸ್ಯಾಂಶವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಆ ಲೇಪವನ್ನು ಕರಗಿಸುತ್ತವೆ, ಆಗ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಹೀಗೆ ಬೆರೆತ ಪಾಷಾಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಹೆಚ್ಚಾಗಿ ಕಂಡುಬರುವುದು ಮೇಲಿನ ಪದರಗಳಲ್ಲಿ, ಎಂದರೆ ಕಡಿಮೆ ಖರ್ಚಿನಲ್ಲಿ ಕೊಳವೆ ಇಳಿಯುವಷ್ಟೇ ಆಳದಲ್ಲಿ. ಸುಮಾರು 150 ಮೀಟರಿಗಿಂತ ಕೆಳಗಿನ ನೀರು ಬಹುಮಟ್ಟಿಗೆ ಸುರಕ್ಷಿತ. ಮಿತವ್ಯಯಕ್ಕೆ ಇಷ್ಟು ಕರಾರುವಾಕ್ಕಾಗಿ ಶಿಕ್ಷೆ ವಿಧಿಸಿದ ಭೂಗರ್ಭ ಬೇರೆಲ್ಲಿಯೂ ಇರಲಿಕ್ಕಿಲ್ಲ.

ಸುಳಿವು ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. 1983ರ ಹೊತ್ತಿಗೇ ಕಲ್ಕತ್ತೆಯ ಚರ್ಮವೈದ್ಯ ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗರ ಮೈಮೇಲಿನ ಕಪ್ಪು ಮಚ್ಚೆ, ಅಂಗೈ ಅಂಗಾಲಿನ ಗಂಟುಗಳನ್ನು ನೋಡಿ ಇದು ಬಾವಿನೀರಿನ ಆರ್ಸೆನಿಕ್ ಎಂದು ಗುರುತಿಸಿದ್ದರು. ಕೆಲವೇ ವರ್ಷಗಳಲ್ಲಿ ಗಡಿಯಾಚೆಯಿಂದ ಬಂದ ರೋಗಿಗಳೂ ಕಾಣಿಸಿಕೊಂಡರು. ಕಲ್ಕತ್ತೆಯಿಂದ ಬಾಂಗ್ಲಾದೇಶದ ಗಡಿಗೆ ನೂರು ಕಿಲೋಮೀಟರ್ ಕೂಡ ಇಲ್ಲ. ಅಷ್ಟು ದೂರವನ್ನು ರೋಗಿಗಳು ಬಸ್ಸಿನಲ್ಲಿ ಕ್ರಮಿಸಿದರು, ಜ್ಞಾನಕ್ಕೆ ಬಸ್ಸು ಸಿಗಲಿಲ್ಲ. ಭೂಮಿಯ ಕೆಳಗಿನ ಜಲಸ್ತರಕ್ಕೆ ಗಡಿ ಗೊತ್ತಿಲ್ಲದ ಕಾರಣ ವಿಷ ಆಚೆಗೂ ಹರಡಿಕೊಂಡಿತ್ತು, ಮೇಲಿನ ಕಡತಗಳಿಗೆ ಗಡಿ ಚೆನ್ನಾಗಿ ಗೊತ್ತಿದ್ದುದರಿಂದ ಎಚ್ಚರಿಕೆ ಈಚೆಗೇ ಉಳಿಯಿತು.

ಈ ಹಿನ್ನೆಲೆಯಲ್ಲಿ 1992ರ ವರದಿಯ ಘನತೆ ಎದ್ದು ಕಾಣುತ್ತದೆ. ಬ್ರಿಟನ್ನಿನ ವಿದೇಶಿ ನೆರವಿನ ಹಣದಲ್ಲಿ ಬ್ರಿಟಿಷ್ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯು ಮಧ್ಯ ಮತ್ತು ಈಶಾನ್ಯ ಬಾಂಗ್ಲಾದೇಶದ 150ರಷ್ಟು ಬಾವಿಗಳ ನೀರನ್ನು ಪರೀಕ್ಷಿಸಿತು. ವರದಿಯ ಉದ್ದನೆಯ ಶೀರ್ಷಿಕೆಯ ಕೊನೆಯಲ್ಲಿ, ಅಂತರ್ಜಲವು ಮೀನುಗಳಿಗೂ ಮನುಷ್ಯರಿಗೂ ವಿಷಕಾರಿಯಾಗಿರುವ ಸಾಧ್ಯತೆಯನ್ನು ಅಳೆಯುವುದೂ ತನ್ನ ಉದ್ದೇಶಗಳಲ್ಲೊಂದು ಎಂದು ಅದೇ ಹೇಳಿಕೊಂಡಿತ್ತು. ಮೀನು ಮೊದಲು, ಮನುಷ್ಯ ಆಮೇಲೆ. ಸಹಯೋಗದಲ್ಲಿ ಹಿರಿತನದ ಕ್ರಮ ಪಾಲಿಸಬೇಕಾಗುತ್ತದೆ. ಆರ್ಸೆನಿಕ್ ಅನ್ನು ಪರೀಕ್ಷಿಸಲಿಲ್ಲ. ಅಲ್ಲಿ ಅದು ಇದ್ದೀತೆಂದು ಆಗ ಅನುಮಾನಿಸಲು ಕಾರಣವಿರಲಿಲ್ಲ ಎಂಬುದು ಆಮೇಲೆ ಬಂದ ಸಮರ್ಥನೆ. ಮನೆಗೆ ಕಳ್ಳ ನುಗ್ಗಿದ್ದಾನೆಯೇ ಎಂದು ನೋಡಲು ಬಂದ ಕಾವಲುಗಾರ ಅಟ್ಟ, ಅಡುಗೆಮನೆ, ಕೊಟ್ಟಿಗೆಗಳನ್ನೆಲ್ಲ ಜಾಲಾಡಿ, ಕಳ್ಳ ಕುಳಿತಿದ್ದ ನಡುಮನೆಯನ್ನು ಮಾತ್ರ ತನ್ನ ಪಾಳಿಗೆ ಸೇರಿಲ್ಲವೆಂದು ಬಿಟ್ಟು ಹೋದರೆ ಅವನ ಕರ್ತವ್ಯನಿಷ್ಠೆಯನ್ನು ಯಾರು ಪ್ರಶ್ನಿಸಬಲ್ಲರು? ಮರುವರ್ಷವೇ, 1993ರಲ್ಲಿ, ಬಾಂಗ್ಲಾದೇಶದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಇಲಾಖೆಗೆ ಪಶ್ಚಿಮದ ನವಾಬ್‌ಗಂಜಿನ ಬಾವಿಗಳಲ್ಲಿ ಆರ್ಸೆನಿಕ್ ಸಿಕ್ಕಿತು.

ಪ್ರಶ್ನಿಸಿದವನೊಬ್ಬ ಇದ್ದ. ಆ ನೀರು ಕುಡಿದು ಕಾಯಿಲೆಬಿದ್ದ ಗ್ರಾಮಸ್ಥನೊಬ್ಬನ ಹೆಸರಿನಲ್ಲಿ ಲಂಡನ್ನಿನಲ್ಲಿ ದಾವೆ ಹೂಡಲಾಯಿತು. ಮೊಕದ್ದಮೆ ಮೆಟ್ಟಿಲು ಹತ್ತುತ್ತ ಹತ್ತುತ್ತ 2006ರ ಜುಲೈನಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತಲುಪಿ ಅಲ್ಲಿ ವಜಾ ಆಯಿತು. ಲಾರ್ಡುಗಳ ತರ್ಕ ಕಾನೂನಿನ ದೃಷ್ಟಿಯಿಂದ ನಿರ್ದುಷ್ಟವಾಗಿತ್ತು: ಬಾಂಗ್ಲಾದೇಶದ ನೀರು ಸರಬರಾಜಿನ ಮೇಲೆ ಸಂಸ್ಥೆಗೆ ಯಾವ ಹಿಡಿತವೂ ಇರಲಿಲ್ಲ, ಹೀಗಾಗಿ ಅಲ್ಲಿ ನೀರು ಕುಡಿಯುವ ಜನರ ಕುರಿತು ಅದಕ್ಕೆ ಕಾನೂನುಬದ್ಧ ಹೊಣೆಯೂ ಇರಲಿಲ್ಲ. ಹಿಡಿತ ಯಾರದಾಗಿತ್ತು ಎಂದು ಹುಡುಕಿದರೆ, ಕೊರೆಯಿಸಿದವರು ಪರೀಕ್ಷಿಸಿದವರತ್ತ, ಪರೀಕ್ಷಿಸಿದವರು ಹಣ ಕೊಟ್ಟವರತ್ತ, ಹಣ ಕೊಟ್ಟವರು ಸರ್ಕಾರದತ್ತ ಕೈತೋರಿಸುವುದು ಕಾಣುತ್ತದೆ. ಸಹಯೋಗ ಎಂಬ ಮಾತಿನ ಶಾಸ್ತ್ರೀಯ ಅರ್ಥ ನನಗೆ ಹೊಳೆದದ್ದು ಆ ತೀರ್ಪನ್ನು ಓದಿದಾಗಲೇ. ಯಶಸ್ಸು ಬಂದರೆ ಎಲ್ಲರೂ ಹಂಚಿಕೊಳ್ಳುತ್ತಾರೆ, ಹೊಣೆ ಬಂದರೆ ಎಲ್ಲರಿಗೂ ಹಂಚಿ ಯಾರಿಗೂ ತಟ್ಟದಷ್ಟು ತೆಳುವಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಸಾರರಿಕ್ತ ದ್ರಾವಣ ಎನ್ನುತ್ತಾರೆ.

ಅಷ್ಟರಲ್ಲಿ ಊರು ಕೊಳ್ಳೆಹೋಗಿತ್ತು, ಕೋಟೆ ಬಾಗಿಲು ಹಾಕುವ ಕಾರ್ಯಕ್ರಮಗಳು ವಿಧಿವತ್ತಾಗಿ ಆರಂಭವಾಗಿದ್ದವು. ದೇಶವ್ಯಾಪಿ ಸಮೀಕ್ಷೆ ನಡೆಯಿತು. ಅದನ್ನು ಅಲ್ಲಿನ ಇಲಾಖೆಯೊಡನೆ ನಡೆಸಿದವರು ಯಾರು? ಅದೇ ಬ್ರಿಟಿಷ್ ಸಂಸ್ಥೆ. ಅನುಭವಕ್ಕೆ ಬೆಲೆ ಕೊಡುವುದೆಂದರೆ ಹೀಗೆ. ಈ ಬಾರಿ ಆರ್ಸೆನಿಕ್ ಪಟ್ಟಿಯಲ್ಲಿತ್ತು ಎಂಬುದನ್ನು ಸಂತೋಷದಿಂದ ದಾಖಲಿಸುತ್ತೇನೆ, ಕೆಲಸವೂ ಅಚ್ಚುಕಟ್ಟಾಗಿತ್ತು. 2001ರಲ್ಲಿ ಪ್ರಕಟವಾದ ವರದಿಯ ಪ್ರಕಾರ 61 ಜಿಲ್ಲೆಗಳ 3,534 ಬಾವಿಗಳನ್ನು ಪರೀಕ್ಷಿಸಿದಾಗ, ಆಳವಿಲ್ಲದ ಬಾವಿಗಳಲ್ಲಿ ಶೇ. 27ರಷ್ಟರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 50 ಮೈಕ್ರೋಗ್ರಾಂ ದಾಟಿತ್ತು, ಶೇ. 46ರಷ್ಟರಲ್ಲಿ 10 ದಾಟಿತ್ತು. ಎರಡು ಸಂಖ್ಯೆಗಳು ಏಕೆಂದರೆ, ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಮಿತಿಯನ್ನು 50ರಿಂದ 10ಕ್ಕೆ ಇಳಿಸಿತು, ಬಾಂಗ್ಲಾದೇಶವು 50ರಲ್ಲಿಯೇ ನಿಂತಿತು. ಲೀಟರಿಗೆ 40 ಮೈಕ್ರೋಗ್ರಾಂ ಇರುವ ಬಾವಿಯ ನೀರು ಹೀಗೆ ಜಿನೀವಾದಲ್ಲಿ ವಿಷ, ಢಾಕಾದಲ್ಲಿ ತೀರ್ಥ. ಮೂತ್ರಪಿಂಡಕ್ಕೆ ಯಾವ ದೇಶದ ಮಾನಕವನ್ನು ಪಾಲಿಸಬೇಕೆಂಬ ಸುತ್ತೋಲೆ ಹೋಗಿರಲಿಲ್ಲವಾದ್ದರಿಂದ ಅದು ಗೊಂದಲದಲ್ಲಿತ್ತು. ಅಷ್ಟರಲ್ಲಾಗಲೇ 2000ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನವೊಂದು, ಇದು ಒಂದು ಜನಸಮೂಹಕ್ಕೆ ಇತಿಹಾಸದಲ್ಲಿಯೇ ಆಗಿರುವ ಅತಿ ದೊಡ್ಡ ವಿಷಪ್ರಾಶನ ಎಂದು ಬರೆದಿತ್ತು.

ಮುಂದಿನದು ಬಣ್ಣದ ಅಧ್ಯಾಯ. ವಿಶ್ವಬ್ಯಾಂಕ್ ಮೊದಲಾದವುಗಳ ನೆರವಿನಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಸುರಕ್ಷಿತ ಪಂಪಿನ ಮೂತಿಗೆ ಹಸಿರು, ವಿಷದ ಪಂಪಿನ ಮೂತಿಗೆ ಕೆಂಪು ಬಳಿಯಲಾಯಿತು. ಕೆಂಪು ಬಿದ್ದವು 14 ಲಕ್ಷ. ರೋಗಕ್ಕೆ ಔಷಧಿ ಇಲ್ಲದಿದ್ದರೂ ಹಚ್ಚಲು ಏನೋ ಒಂದು ದೊರೆತದ್ದು ಆಡಳಿತಕ್ಕೆ ಸಮಾಧಾನ ತಂದಿತು. ಕೆಂಪು ಪಂಪಿನ ಮನೆಯವರು ಹಸಿರು ಪಂಪಿನ ಮನೆಗೆ ಕೊಡ ಹಿಡಿದು ಹೋಗಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಪಕ್ಕದ ಮನೆಯ ನಲ್ಲಿಗೆ ನಾಲ್ಕು ದಿನ ಹೋಗಿ ನೋಡಿದವರಿಗೆ ಆ ದಾರಿಯ ಉದ್ದ ತಿಳಿದಿದೆ.

ಬದಲಿ ಏರ್ಪಾಡುಗಳ ಸಲಹೆಗಳಿಗೆ ಬರವಿರಲಿಲ್ಲ. ಅವುಗಳಲ್ಲಿ ಪ್ರಮುಖವಾದುದು, ಕೆರೆಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುವುದು. ಕೆರೆಯ ನೀರು ಬೇಡವೆಂದು ಇಪ್ಪತ್ತು ವರ್ಷ ಪಾಠ ಕೇಳಿದ್ದ ಮುದುಕಿಯರು ಈಗ ಅದೇ ಕೆರೆಯ ದಂಡೆಯಲ್ಲಿ ಹೊಸ ಪಾಠಕ್ಕೆ ಕುಳಿತರು. ಈ ನಡುವೆ ಕೆಲಸಕ್ಕೆ ಬಂದ ಉಪಾಯವೂ ಒಂದಿತ್ತು. ಅಮೆರಿಕದಲ್ಲಿ ನೆಲೆಸಿದ್ದ ರಸಾಯನವಿಜ್ಞಾನಿ ಅಬುಲ್ ಹುಸಾಂ ಅವರು ಮರಳು, ಇದ್ದಿಲು, ಇಟ್ಟಿಗೆಚೂರು ಮತ್ತು ಕಬ್ಬಿಣದ ಚೂರಿನಿಂದ ರೂಪಿಸಿದ ಸೋನೋ ಶೋಧಕಕ್ಕೆ 2007ರಲ್ಲಿ 10 ಲಕ್ಷ ಡಾಲರಿನ ಬಹುಮಾನ ಬಂದಿತು. ಅಡುಗೆಮನೆಯ ಮೂಲೆಯಲ್ಲಿ ಇಡಬಹುದಾದ ಬಕೆಟ್ಟಿನಿಂದ ಕೆಲಸವಾಗುತ್ತದೆಂಬುದು ದೊಡ್ಡ ಯೋಜನೆಗಳ ಗೌರವಕ್ಕೆ ಒಗ್ಗುವ ಸಂಗತಿಯಲ್ಲ.

ಇದೆಲ್ಲ ಗಂಗೆಯ ಬಾಯಲ್ಲಿ ನಡೆದ ಕಥೆ, ಬಯಲುಸೀಮೆಯ ಗಟ್ಟಿ ಬಂಡೆಯ ಮೇಲೆ ಕುಳಿತ ನಮಗೇನು ಎಂದು ಕನ್ನಡಿಗರು ನಿಶ್ಚಿಂತರಾಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿಯೂ ಜನರ ಮೈಮೇಲೆ ಅದೇ ಮಚ್ಚೆಗಳನ್ನು ಗುರುತಿಸಲಾಗಿದೆ. ಅಲ್ಲಿ ಪಾಷಾಣದ ಮೂಲ ನದಿಯ ಮಣ್ಣಲ್ಲ, ಮಂಗಳೂರಿನ ಹಳೆಯ ಚಿನ್ನದ ಗಣಿ ಇರುವ ಶಿಲಾಪಟ್ಟಿ. ಕರಾವಳಿಯ ಮಂಗಳೂರಲ್ಲ, ಅದೇ ಜಿಲ್ಲೆಯದು. ಚಿನ್ನ ಯಾರದೋ ಪಾಲಾಯಿತು, ಜೊತೆಗಿದ್ದುದು ತಾಂಡಾಕ್ಕೆ ಉಳಿಯಿತು.

ಆಳದ ಬಾವಿಯೇ ಪರಿಹಾರವೆಂದು ಗೊತ್ತಾದ ಮೇಲೆ ಬಾಂಗ್ಲಾದೇಶದ ಸರ್ಕಾರವು ಅವುಗಳನ್ನೂ ಕೊರೆಯಿಸತೊಡಗಿತು. ಎಲ್ಲಿ ಕೊರೆಯಬೇಕೆಂಬುದನ್ನು ಭೂವಿಜ್ಞಾನ ನಿರ್ಧರಿಸುತ್ತದೆಂದು ತಿಳಿದವರು ಮುಗ್ಧರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2016ರಲ್ಲಿ ಹೊರತಂದ ವರದಿಯ ಪ್ರಕಾರ ಹೊಸ ಸರ್ಕಾರಿ ಬಾವಿಗಳಲ್ಲಿ ಅರ್ಧದಷ್ಟರ ಸ್ಥಳವನ್ನು ಆಯಾ ಸಂಸದರು ಸೂಚಿಸಬಹುದಿತ್ತು, ಎಷ್ಟೋ ಬಾವಿಗಳು ಅವರ ಬೆಂಬಲಿಗರ ಅಂಗಳ ಸೇರಿದವು, ಇನ್ನೂ ಸುಮಾರು 2 ಕೋಟಿ ಜನ ವಿಷದ ನೀರನ್ನೇ ಕುಡಿಯುತ್ತಿದ್ದರು. ಶುದ್ಧ ಜಲಸ್ತರವನ್ನು ಪತ್ತೆಹಚ್ಚುವ ಅತ್ಯಂತ ಸೂಕ್ಷ್ಮ ಉಪಕರಣ ಮತದಾರರ ಪಟ್ಟಿಯೆಂಬುದು ಯಾವ ವಿಶ್ವವಿದ್ಯಾಲಯಕ್ಕೂ ಹೊಳೆದಿರಲಿಲ್ಲ.

ಈ ನಡುವೆ ಮಳೆಬಿಸಿಲಿಗೆ ಪಂಪುಗಳ ಬಣ್ಣ ಮಾಸಿಹೋಗಿದೆ. ಯಾವುದು ಕೆಂಪಾಗಿತ್ತು, ಯಾವುದು ಹಸಿರಾಗಿತ್ತು ಎಂದು ತಿಳಿಯದ ಹೊಸ ಸೊಸೆಯಂದಿರು ಹತ್ತಿರದ ಪಂಪನ್ನು ಒತ್ತುತ್ತಾರೆ. ಆದ್ದರಿಂದ ಮಾಸಿದ ಬಣ್ಣದ ಗುಣಮಟ್ಟವನ್ನು ಅಧ್ಯಯನ ಮಾಡಲು ನಾಲ್ಕಾರು ದೇಶಗಳ ಜಂಟಿ ಸಮೀಕ್ಷೆಯೊಂದನ್ನು ಕೈಗೊಳ್ಳಬೇಕೆಂದು ನಾನು ವಿನಯಪೂರ್ವಕವಾಗಿ ಸೂಚಿಸುತ್ತೇನೆ. ಬಣ್ಣದ ಹೊಳಪು, ದಪ್ಪ, ಬಾಳಿಕೆ, ಬಳಿದ ಕುಂಚದ ಅಗಲ, ಇವಿಷ್ಟು ಪಟ್ಟಿಯಲ್ಲಿರಲಿ. ಬಣ್ಣದಲ್ಲಿ ಸೀಸವಿತ್ತೇ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ, ಅದು ಎರಡನೆಯ ಹಂತದ ಅನುದಾನಕ್ಕೆ ಸೇರಿದ್ದು.