ಆರ್ಡರ್ ಹಾಕೋಕೆ ಒಳ್ಳೆ ಮುಹೂರ್ತ

ನಮ್ಮಮ್ಮ ಹೊಸ ಚಪ್ಪಲಿ ಮೆಟ್ಟಬೇಕಾದರೂ ರಾಹುಕಾಲ ನೋಡುತ್ತಾರೆ. ಸೋಮವಾರ 7.30ರಿಂದ 9, ಶನಿವಾರ 9ರಿಂದ 10.30, ಶುಕ್ರವಾರ 10.30ರಿಂದ 12. ಎಲ್ಲಾ ಬಾಯಿಪಾಠ. ಆದರೂ ಗೋಡೆ ಕ್ಯಾಲೆಂಡರ್ ಮೇಲೆ ಒಂದ್ಸಲ ಬೆರಳಿಟ್ಟು ನೋಡದೆ ಅವರಿಗೆ ಸಮಾಧಾನವಿಲ್ಲ. ಮೊದಲೆಲ್ಲ ನಾನು ನಗುತ್ತಿದ್ದೆ. ಈಗ ಮೊಬೈಲಿನಲ್ಲಿ ಏನಾದರೂ ಆರ್ಡರ್ ಹಾಕುವ ಮುಂಚೆ ನಾನೂ ಅದೇ ಕ್ಯಾಲೆಂಡರ್ ಮುಂದೆ ನಿಲ್ಲುತ್ತೇನೆ. ರಾಹುಕಾಲಕ್ಕಲ್ಲ, ಸಾಮಾನು ಬರುವ ದಿನ ಮನೆಯಲ್ಲಿ ಯಾರಿರುತ್ತಾರೆ ಅಂತ ಲೆಕ್ಕ ಹಾಕೋಕೆ.

ನಮ್ಮ ಮನೆ ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿ ತಿನ್ನೋಕೆ ಅಂತಲೇ ಭಾನುವಾರ ಬೆಂಗಳೂರಿಂದ ಕಾರು ಹಾಕಿಕೊಂಡು ಬರುತ್ತಾರಲ್ಲ, ಅದೇ ಕ್ಯಾತ್ಸಂದ್ರ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ಹೆಂಡತಿ ಗುಬ್ಬಿ ಕಡೆ ಸರ್ಕಾರಿ ಶಾಲೆ ಟೀಚರ್. ಹಗಲು ಮನೆಯಲ್ಲಿರೋದು ಅಮ್ಮ ಒಬ್ಬರೇ.

ನಾನು ತರಿಸುವ ಪಾರ್ಸೆಲ್‌ಗಳಿಗೂ ನನಗೂ ಒಂದು ವಿಚಿತ್ರ ಋಣಾನುಬಂಧ ಇದೆ. ಬೆಳಗ್ಗೆ ರೈಲಿನಲ್ಲಿ ಮೊಬೈಲ್ ತೆಗೆದರೆ 'ನೆಲಮಂಗಲದ ಗೋಡೌನ್ ತಲುಪಿದೆ' ಅಂತ ಮೆಸೇಜು. ಕಿಟಕಿಯಲ್ಲಿ ಇಣುಕಿದರೆ ದೊಡ್ಡಬೆಲೆ ಸ್ಟೇಷನ್. ಅಲ್ಲಿಂದ ನೆಲಮಂಗಲ ಎಷ್ಟು ದೂರ? ಸುಮ್ನೆ ಇಳಿದು ಒಂದು ಆಟೋ ಹಿಡಿದು ಹೋಗಿ ಹೊತ್ತುಕೊಂಡು ಬಂದುಬಿಡೋಣ ಅನ್ನಿಸುತ್ತದೆ. ಆದರೆ ಅದು ನನ್ನ ಕೈಗೆ ಸಿಗಲ್ಲ. ಅದು ರಾತ್ರಿ ಲಾರಿ ಹತ್ತಿ ತುಮಕೂರಿಗೆ ಹೋಗಬೇಕು, ಬೆಳಗ್ಗೆ ಅಲ್ಲಿ ಬಡಾವಣೆವಾರು ವಿಂಗಡಣೆ ಆಗಬೇಕು, ಆಮೇಲೆ ಯಾವುದೋ ಹುಡುಗನ ಬೆನ್ನ ಮೇಲಿನ ದೊಡ್ಡ ಬ್ಯಾಗು ಸೇರಿ 10 ಗಂಟೆ ಮೇಲೆ ನಮ್ಮ ಗೇಟಿಗೆ ಬರಬೇಕು, ಅಷ್ಟು ಹೊತ್ತಿಗೆ ನಾನು ಯಶವಂತಪುರದಲ್ಲಿ ಇಳಿದು ಸಿಟಿ ಬಸ್ಸಿನಲ್ಲಿ ನೇತಾಡುತ್ತಿರಬೇಕು. ಇದೇ ನಿಯಮ.

ಮೊದಲ ಪೆಟ್ಟು ಬಿದ್ದಿದ್ದು ಮಿಕ್ಸಿ ಜಾರ್ ವಿಷಯದಲ್ಲಿ. ಹುಡುಗ ಬಂದ, ಅಮ್ಮ ಗೇಟಿಗೆ ಹೋದರು. ನಾನು ಬೆಳಗ್ಗೆಯೇ ಓಟಿಪಿಯನ್ನು ಅವರ ಫೋನಿಗೆ ಕಳಿಸಿದ್ದೆ. ಹುಡುಗ "ಅಜ್ಜಿ, ನಂಬರ್ ಹೇಳಿ" ಅಂದಿದ್ದೇ ತಡ, ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರಂತೆ.

"ಯಾವ ನಂಬರೂ ಹೇಳಲ್ಲಪ್ಪ. ಫೋನ್ ಮಾಡಿದಾಗೆಲ್ಲ ಅದೊಂದೇ ಬಡ್ಕೊಳ್ಳುತ್ತೆ, ಓಟಿಪಿ ಯಾರಿಗೂ ಹೇಳ್ಬೇಡಿ, ಮೋಸ ಹೋದ್ರೆ 1930ಕ್ಕೆ ಫೋನ್ ಮಾಡಿ ಅಂತ."

"ಅಜ್ಜಿ, ಅದು ಬ್ಯಾಂಕಿಂದು. ಇದು ಮಿಕ್ಸಿ ಜಾರಿಂದು."

"ಕಳ್ರೆಲ್ಲ ಹಂಗೇ ಹೇಳೋದು."

ಬಿಸಿಲಿನಲ್ಲಿ ಬಂದಿದ್ದಾನಲ್ಲ ಪಾಪ ಅಂತ ಅವನಿಗೆ ಗೇಟಿನ ಸಂದಿಯಿಂದಲೇ ಒಂದು ಲೋಟ ಮಜ್ಜಿಗೆ ಕೊಟ್ಟರು. ನಂಬರ್ ಕೊಡಲಿಲ್ಲ. ಅವನು ಮಜ್ಜಿಗೆ ಕುಡಿದು, ಲೋಟ ವಾಪಸ್ ಕೊಟ್ಟು, ಜಾರ್ ಸಮೇತ ಹೋದ. ಮರುದಿನವೂ ಬಂದ, ಮಜ್ಜಿಗೆ ಕುಡಿದ, ಹೋದ. ಮೂರನೇ ದಿನವೂ ಅಷ್ಟೇ. (ಆ ಮೂರನೇ ಸಲ ಅವನು ಜಾರ್ ಕೊಡೋಕೆ ಬಂದಿದ್ದನೋ ಮಜ್ಜಿಗೆಗೆ ಬಂದಿದ್ದನೋ ಅನ್ನೋದು ನನಗೆ ಇವತ್ತಿಗೂ ಅನುಮಾನ.) ಮೂರು ಸಲ ಆದಮೇಲೆ ಅವರ ಕಡೆಯ ಪದ್ಧತಿಯಂತೆ ಜಾರ್ ಬಂದ ದಾರಿಗೇ ಹೋಯಿತು. ನನಗೆ ಮೆಸೇಜು: 'ಗ್ರಾಹಕರು ಪಾರ್ಸೆಲ್ ಸ್ವೀಕರಿಸಲು ನಿರಾಕರಿಸಿದ್ದಾರೆ'. ಒಂದು ತಿಂಗಳು ಚಟ್ನಿಯನ್ನು ಒರಳಿನಲ್ಲಿ ರುಬ್ಬಿದೆವು. ರುಚಿಯಾಗೇ ಇತ್ತು, ಆದರೆ ರುಬ್ಬಿದವನು ನಾನು.

ಆಗ ಶುರುವಾಯಿತು ನನ್ನ ಪಂಚಾಂಗ. ಗುರುವಾರ ರಾತ್ರಿ ಹಾಕಿದರೆ ಭಾನುವಾರ ಬರುತ್ತದೆ, ಭಾನುವಾರ ನಾನು ಮನೆಯಲ್ಲಿರುತ್ತೇನೆ. ಎರಡು ಸಲ ಹಾಗೇ ಆಯಿತು. ಮೂರನೇ ಸಲ ಒಂದು ಮಾವಿನ ಕಸಿ ಗಿಡ ಹಾಕಿದೆ. ಶುಕ್ರವಾರ ರಾತ್ರಿ ಹೊರಟು ಧರ್ಮಸ್ಥಳ ನೋಡಿಕೊಂಡು ಭಾನುವಾರ ಬೆಳಗ್ಗೆ ಮನೆಗೆ ಬರುವ ಪ್ಲಾನ್. ಗಿಡ ಶನಿವಾರವೇ ಬಂತು. ತಡವಾಗಿ ಬಂದರೆ ಬೈಯಬಹುದು. ಮುಂಚೆ ಬಂದರೆ ಏನಂತ ಬೈಯೋದು? ಹುಡುಗ ಫೋನ್ ಮಾಡಿದ. ನಾನು ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಇಲ್ಲದೆ "ಹಲೋ, ಹಲೋ" ಅಂದೆ. ಅವನಿಗೆ ಅದು ಒಪ್ಪಿಗೆಯ ಹಾಗೆ ಕೇಳಿಸಿರಬೇಕು, ಪೆಟ್ಟಿಗೆಯನ್ನು ಗೇಟಿನ ಮೇಲಿಂದ ಒಳಗಿಳಿಸಿ ಹೋದ. ಭಾನುವಾರ ಬಂದು ನೋಡಿದರೆ ಪೆಟ್ಟಿಗೆ ಹರಿದಿದೆ, ಕುಂಡದ ಮಣ್ಣು ಚೆಲ್ಲಿದೆ, ನಡುವೆ ಒಂದು ಗೇಣು ಕಡ್ಡಿ ನಿಂತಿದೆ. ಪಕ್ಕದ ಮನೆಯವರ ಮೇಕೆ ಕಾಂಪೌಂಡ್ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.

ನನ್ನ ಭಾವಮೈದುನನಿಗೆ ಇದು ಸಿಕ್ಕಿದ್ದೇ ಸಾಕಾಯಿತು. "ಭಾವ, ಹಿರೇಹಳ್ಳೀಲಿ ತೋಟಗಾರಿಕೆ ಸಂಶೋಧನಾ ಕೇಂದ್ರನೇ ಇದೆ. ದಿನಾ ಅದೇ ಸ್ಟೇಷನ್ ದಾಟ್ಕೊಂಡು ಹೋಗ್ತೀರಿ. ಮಾವಿನ ಗಿಡ ಆನ್‌ಲೈನಲ್ಲಿ ತರ್ಸಿದ್ರಾ?" ನಾನು ಉತ್ತರ ಕೊಡಲಿಲ್ಲ. ಉತ್ತರ ಇರಲೂ ಇಲ್ಲ.

ಇಷ್ಟೆಲ್ಲ ಆದಮೇಲೂ 2025ರ ದಸರಾಕ್ಕೆ ಟಿವಿ ತಗೊಳ್ಳುವ ಧೈರ್ಯ ಮಾಡಿದೆ. ಮುಹೂರ್ತ ನಾನಿಟ್ಟಿದ್ದಲ್ಲ, ಕೇಂದ್ರ ಸರ್ಕಾರವೇ ಇಟ್ಟಿದ್ದು. 32 ಇಂಚಿಗಿಂತ ದೊಡ್ಡ ಟಿವಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯುತ್ತದೆ, ಸೆಪ್ಟೆಂಬರ್ 22ರಿಂದ ಜಾರಿ ಅಂತ ಆ ತಿಂಗಳ ಮೊದಲ ವಾರವೇ ಹೇಳಿದ್ದರು. ನಾವೂ ಕಾದೆವು. ಆ ಸೋಮವಾರವೇ ನವರಾತ್ರಿ ಶುರು. ಹೆಂಡತಿಗೆ ದಸರಾ ರಜೆ, ದಿನವಿಡೀ ಮನೆಯಲ್ಲಿರುತ್ತಾಳೆ, ಓಟಿಪಿ ಅವಳ ಕೈಯಲ್ಲಿರುತ್ತದೆ. ಬಾಗಿಲಿಗೆ ಬಂದ ಟಿವಿ ವಾಪಸ್ ಹೋಗುವ ಚಾನ್ಸೇ ಇಲ್ಲ. ನನ್ನ ಲೆಕ್ಕಕ್ಕೆ ನಾನೇ ಬೆನ್ನು ತಟ್ಟಿಕೊಂಡು 43 ಇಂಚಿಂದು ಒತ್ತಿದೆ.

ಎರಡು ವಿಷಯ ಲೆಕ್ಕಕ್ಕೆ ಬಂದಿರಲಿಲ್ಲ. ಒಂದು, ನನ್ನ ಹಾಗೇ ಇಡೀ ದೇಶ ಕಾಯುತ್ತಿತ್ತು. ಇನ್ನೊಂದು, ಅದೇ ಸೆಪ್ಟೆಂಬರ್ 22ಕ್ಕೆ ರಾಜ್ಯದಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಮನೆ ಮನೆ ಸುತ್ತೋಕೆ ಹಾಕಿದ್ದು ಟೀಚರ್‌ಗಳನ್ನು. ರಜೆ ಇದ್ದವಳು ಬೆಳಗ್ಗೆ ಎಂಟಕ್ಕೇ ನೀರಿನ ಬಾಟಲ್ ಹಿಡಿದು ಹೊರಡುತ್ತಿದ್ದಳು. ಸಾಯಂಕಾಲ ಬಂದು ಕಾಲು ನೀವಿಕೊಳ್ಳುತ್ತಾ, "ರೀ, ಯಾರ್ ಮನೆಗೆ ಹೋದ್ರೂ ಓಟಿಪಿ ಹೇಳಲ್ಲ ಅಂತಾರೆ ಕಣ್ರೀ" ಅನ್ನೋಳು. ಒಳಗಿಂದ ಅಮ್ಮ, "ಹೇಳ್ಬಾರ್ದು ಕಣೇ" ಅನ್ನೋರು.

27ಕ್ಕೆ ಬರಬೇಕಾದ ಟಿವಿ 29 ಆಯಿತು, 30 ಆಯಿತು. ಅಕ್ಟೋಬರ್ 1ಕ್ಕೆ 'ಔಟ್ ಫಾರ್ ಡೆಲಿವರಿ' ಅಂತ ಬಂತು. ಆಯುಧಪೂಜೆ. ನನಗೂ ರಜೆ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ (ಅಂಗಡಿಯಿಂದ ತಂದಿದ್ದು, ನಮ್ಮ ಗಿಡದ್ದಲ್ಲ) ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತೆ. ಮಧ್ಯಾಹ್ನ ಟೆಂಪೋದವನ ಫೋನು.

"ಸಾರ್, ಟಿವಿ ಗಾಡೀಲೇ ಇದೆ. ಆದ್ರೆ ಗಾಡಿ ಪೂಜೆ ಆಗೋಯ್ತು ಸಾರ್, ಕುಂಬಳಕಾಯಿ ಒಡೆದಾಯ್ತು. ಇನ್ನ ಇವತ್ತು ಲೋಡ್ ಹೊಡಿಯಂಗಿಲ್ಲ. ನಾಡಿದ್ದು ಬರ್ತೀನಿ."

ನಂಬಲಿ ಅಂತ ಫೋಟೋ ಬೇರೆ ಕಳಿಸಿದ. ಟೆಂಪೋ ಮೂತಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಹಿಂದೆ ನನ್ನ ಟಿವಿ ಬಾಕ್ಸಿಗೂ ಅರಿಶಿನ ಕುಂಕುಮ ಹಚ್ಚಿ ಒಂದು ಸೇವಂತಿಗೆ ಸಿಕ್ಕಿಸಿದ್ದ. ಮನೆಗೆ ಬರುವ ಮೊದಲೇ ಪೂಜೆ ಮುಗಿಸಿಕೊಂಡ ಟಿವಿ ಅದೊಂದೇ ಇರಬೇಕು. ಬೈಯೋಕೆ ಮನಸ್ಸಾಗಲಿಲ್ಲ. ಮಾರನೇ ದಿನ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಒಟ್ಟಿಗೆ. ಹಾಗಾಗಿ 3, ಶುಕ್ರವಾರ. ನಾನು ಆಫೀಸಿಗೆ, ಅವಳು ಸಮೀಕ್ಷೆಗೆ.

ಗುರುವಾರ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಒಂದು ಗಂಟೆ ತಿಳಿಸಿ ಹೇಳಿದೆವು. ಬ್ಯಾಂಕಿನ ನಂಬರ್ ಬೇರೆ, ಸಾಮಾನಿನ ನಂಬರ್ ಬೇರೆ, ಸಾಮಾನು ಕಣ್ಣಿಗೆ ಕಂಡಮೇಲೆ ಹೇಳಬಹುದು. ಕೊನೆಗೂ ಒಪ್ಪಿದರು. ಬೆಳಗ್ಗೆ ರೈಲಿನಲ್ಲಿದ್ದಾಗ ಟಿವಿಯ ನಂಬರ್ ಬಂತು, ಫೋನ್ ಮಾಡಿ ಬರೆಸಿದೆ. ಹಿಂದೆಯೇ ಗ್ಯಾಸ್ ಸಿಲಿಂಡರ್ ಡೆಲಿವರಿಯ ನಂಬರೂ ಬಂತು. ವಾರದ ಹಿಂದೆ ಬುಕ್ ಮಾಡಿ ಮರೆತಿದ್ದೆ. ಅದನ್ನೂ ಬರೆಸಿದೆ. ಅಮ್ಮ ಎರಡನ್ನೂ ಕ್ಯಾಲೆಂಡರಿನ ಶುಕ್ರವಾರದ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡರು. ಒಂದರ ಕೆಳಗೊಂದು, ಎರಡೂ ನಾಲ್ಕಂಕಿ. ಯಾವುದು ಯಾವುದರದ್ದು ಅಂತ ಬರೆಯಲಿಲ್ಲ. ಬರೆಯಿರಿ ಅಂತ ನಾನೂ ಹೇಳಲಿಲ್ಲ.

11 ಗಂಟೆಗೆ ಅಮ್ಮನ ಫೋನು. ದನಿಯಲ್ಲಿ ಗೆದ್ದ ಖುಷಿ.

"ಇಬ್ರು ಕಳ್ರು ಒಟ್ಟಿಗೇ ಬಂದಿದ್ರು ಕಣೋ. ಟಿವಿಯೋನಿಗೆ ಒಂದ್ ನಂಬರ್ ಹೇಳ್ದೆ, ತಪ್ಪು ಅಂದ. ಗ್ಯಾಸಿನೋನಿಗೆ ಇನ್ನೊಂದ್ ಹೇಳ್ದೆ, ಅವ್ನೂ ತಪ್ಪು ಅಂದ. ನೀನು ಕೊಟ್ಟಿದ್ ನಂಬರ್ ತಪ್ಪಾಗುತ್ತಾ? ಗೇಟಿಗೆ ಬೀಗ ಹಾಕ್ದೆ, ಇಬ್ರೂ ಹೋದ್ರು."

ತಲೆ ಮೇಲೆ ಕೈ ಹೊತ್ತು, ಏನಾಗಿದೆ ಅಂತ ನಿಧಾನವಾಗಿ ಬಿಡಿಸಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕ್ಯಾಲೆಂಡರ್ ಹಾಳೆ ಸರಕ್ ಅಂದಿದ್ದು ಕೇಳಿಸಿತು.

"ಶುಕ್ರವಾರ ಹತ್ತೂವರೆ ಮೇಲೆ ಬಂದವ್ರೆ," ಅಂದರು ಅಮ್ಮ. "ನಾನೇನ್ ಮಾಡ್ಲಿ?"