ಸಾಕ್ಷಿ ಗಾಜು ಸುಸ್ಥಿತಿಯಲ್ಲಿದೆ

ನಮ್ಮೂರ ಕಲ್ಲು ಕ್ವಾರಿಯ ಮೇಲಂಚಿನಲ್ಲಿ ಬಂಡೆ ಬಿರುಕು ಬಿಟ್ಟಿತು. ಊರವರು ಅರ್ಜಿ ಕೊಟ್ಟರು. ಮೂರನೇ ತಿಂಗಳಿಗೆ ಸಾಹೇಬರು ಜೀಪಿನಲ್ಲಿ ಬಂದರು. ಬಿರುಕಿಗೆ ಅಡ್ಡಲಾಗಿ ಗೇಣುದ್ದದ ಗಾಜಿನ ಪಟ್ಟಿಯೊಂದನ್ನು ಸಿಮೆಂಟು ಮೆತ್ತಿ ಕೂರಿಸಿ, ಪಕ್ಕದಲ್ಲಿ ಕೆಂಪು ಬಣ್ಣದಿಂದ ತಾರೀಖು ಬರೆಸಿದರು. ಇದು ಸಾಕ್ಷಿ ಗಾಜು. ಉಪಾಯ ಹಳೆಯದು, ಒಳ್ಳೆಯದೂ ಹೌದು. ಬಂಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಚಟ್ಟೆಂದು ಒಡೆಯುತ್ತದೆ. ಒಡೆದರೆ ಕೆಳಗಿರುವವರು ಓಡಬೇಕು.

ಹನ್ನೆರಡನೇ ದಿನ ಗಾಜು ಒಡೆಯಿತು.

ಕೆಳಗಿದ್ದವರು ಓಡಲಿಲ್ಲ. ಮೇಸ್ತ್ರಿ ಓಡಿದ, ಪೇಟೆಗೆ, ಹೊಸ ಗಾಜು ತರಲು. ತಪಾಸಣೆಗೆ ಬರುವವರು ಕೇಳುವುದು ಗಾಜು ಇದೆಯೋ ಇಲ್ಲವೋ ಅಂತ ತಾನೆ? ಕೋರ್ಟಿನಲ್ಲಿ ಸಾಕ್ಷಿ ಸುಳ್ಳು ಹೇಳಿದರೆ ತೊಂದರೆ, ಕ್ವಾರಿಯಲ್ಲಿ ನಿಜ ಹೇಳಿದರೆ ತೊಂದರೆ. ಒಂದೇ ಮಳೆಗಾಲದಲ್ಲಿ ನಾಲ್ಕು ಸಾಕ್ಷಿಗಳು ಪ್ರಾಣ ಬಿಟ್ಟವು. ರಿಜಿಸ್ಟರಿನಲ್ಲಿ ನಾಲ್ಕು ಸಲವೂ ಒಂದೇ ವಾಕ್ಯ: ‘ಗಾಜು ಸುಸ್ಥಿತಿಯಲ್ಲಿದೆ’. ಇದೊಳ್ಳೆ ದಂಡದ ಖರ್ಚಾಯಿತಲ್ಲ ಎಂದು ಮಾಲೀಕರು ಕೊನೆಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರು. ಅದು ಬಾಗುತ್ತದೆ, ಒಡೆಯುವುದಿಲ್ಲ. ಅಂದಿನಿಂದ ಗುಡ್ಡ ಸ್ಥಿರವಾಗಿದೆ.

ಬಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಒಂದು ಮೆಟ್ಟಿಲು 6 ಮೀಟರ್ ಮೀರಬಾರದು ಎನ್ನುತ್ತದೆ 1961ರ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್ ಎಂಬ ಗಣಿ ನಿಯಮಾವಳಿ. ಮಾಲೀಕರು ಕೊಟ್ಟ ನಕ್ಷೆಯಲ್ಲಿ ಮೆಟ್ಟಿಲುಗಳಿವೆ; ಎಷ್ಟು ಚೆನ್ನಾಗಿವೆಯೆಂದರೆ ದೇವಸ್ಥಾನದ ಕಲ್ಯಾಣಿ ನೆನಪಾಗಿ ಕೈಮುಗಿಯೋಣ ಅನಿಸುತ್ತದೆ. ಗುಡ್ಡದಲ್ಲಿ ಇರುವುದು ಮೂರು ತೆಂಗಿನ ಮರದೆತ್ತರದ ಒಂದೇ ಗೋಡೆ. ತಪ್ಪು ಯಾರದೂ ಅಲ್ಲ. ಮೆಟ್ಟಿಲು ಬಿಟ್ಟರೆ ಅಷ್ಟು ಕಲ್ಲು ಗುಡ್ಡದಲ್ಲೇ ಉಳಿಯುತ್ತದೆ, ಗುಡ್ಡದಲ್ಲಿ ಉಳಿದದ್ದು ಜಲ್ಲಿಯಾಗುವುದಿಲ್ಲ.

ಕ್ವಾರಿಯಲ್ಲಿ ನಲವತ್ತು ವರ್ಷ ಕಲ್ಲೊಡೆದ ಅಜ್ಜನೊಬ್ಬನಿದ್ದಾನೆ. ಸುತ್ತಿಗೆಯಲ್ಲಿ ಬಂಡೆಗೆ ಒಂದೇಟು ಕೊಟ್ಟು ಕಿವಿಗೊಡುತ್ತಾನೆ. “ಕಣ್ ಅಂದ್ರೆ ಗಟ್ಟಿ. ಬೊದ್ ಅಂದ್ರೆ ಒಳಗೇ ಬಿಟ್ಕಂಡೈತೆ ಸಾಮಿ. ಪದರ ಗುಂಡಿ ಕಡೀಕೇ ವಾಲೈತೆ, ಬುಡ ಕಡ್ದವ್ರೆ, ಮ್ಯಾಗಿಂದ ಮಳೆನೀರು ಇಳೀತೈತೆ. ಇನ್ನೇನು ಬೇಕು ಜಾರಕ್ಕೆ?” ಇದನ್ನೇ ಇಂಜಿನಿಯರು ಹೇಳಿದ್ದರೆ ಸುರುಳಿ ಬೈಂಡಿಂಗಿನ ವರದಿಯಾಗುತ್ತಿತ್ತು. “ಯಜಮಾನ್ರೇ, ನಿಮ್ಮ ವಿದ್ಯಾರ್ಹತೆ?” ಎಂದು ಸಾಹೇಬರು ವಿಚಾರಿಸಿದರು.

ಗುಡ್ಡಗಳಿಗೆ ಓದು ಬರುವುದಿಲ್ಲ. ಬರುತ್ತಿದ್ದರೆ 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗುಮ್ಮಕಲ್ಲು ಗುಡ್ಡ, ತನ್ನ ಬಗ್ಗೆ ಬರೆದದ್ದನ್ನೆಲ್ಲ ಓದಿಕೊಂಡು ಸುಮ್ಮನೆ ನಿಂತಿರುತ್ತಿತ್ತು. ಅದು ಕೆಳಗೆ ಕೆಲಸ ಮಾಡುತ್ತಿದ್ದವರ ಮೇಲೆಯೇ ಬಂತು.

ಇನ್ನು ಪುನಶ್ಚೇತನ. ಗಡಿಯುದ್ದಕ್ಕೂ ಏಳೂವರೆ ಮೀಟರ್ ಜಾಗ ಬಿಟ್ಟು ಗಿಡ ನೆಡಬೇಕು, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕಳಿಸಬೇಕು. ನಮ್ಮ ಕ್ವಾರಿಯ ವರದಿಗಳು ತಪ್ಪದೆ ಹೋಗಿವೆ, ಫೋಟೊ ಸಮೇತ. ಜೂನ್ ಫೋಟೊದಲ್ಲಿ ಹೊಂಗೆ ಸಸಿ ಮೊಣಕಾಲೆತ್ತರ, ಡಿಸೆಂಬರ್ ಫೋಟೊದಲ್ಲಿ ಗೇಣುದ್ದ. ಹಿಂದಕ್ಕೆ ಬೆಳೆಯುವ ಈ ತಳಿಯ ಬಗ್ಗೆ ಕೃಷಿ ವಿಶ್ವವಿದ್ಯಾಲಯದವರು ಗಮನ ಹರಿಸಬೇಕು. ಸಸಿಯ ಬುಡದ ಕಪ್ಪು ಪ್ಲಾಸ್ಟಿಕ್ ಕವರ್ ಎರಡರಲ್ಲೂ ಹಾಗೇ ಇದೆ. ಬಿಚ್ಚಿದರೆ ನರ್ಸರಿಯವರು ವಾಪಸ್ ತೆಗೆದುಕೊಳ್ಳುತ್ತಾರೆಯೇ?

ಹೋದ ವರ್ಷ ಲೀಸ್ ಮುಗಿಯಿತು. ಗುಂಡಿ ಮುಚ್ಚಲು ಮಣ್ಣಿಲ್ಲ, ಮಣ್ಣಿದ್ದರೂ ಮನಸ್ಸಿಲ್ಲ. ಆದರೆ ಮಳೆ ಬಂತು, ಗುಂಡಿಯಲ್ಲಿ ನೀರು ನಿಂತಿತು, ಕಡತದಲ್ಲಿ ಅದು ‘ಮಳೆನೀರು ಸಂಗ್ರಹಾಗಾರ’ವಾಯಿತು. ಖರ್ಚು ಒಂದು ಬೋರ್ಡಿನದು ಮಾತ್ರ. ನಮ್ಮ ಹಿರಿಯರು ಪಾಪ, ಕೆರೆ ಅಂದರೆ ಏರಿ ಬೇಕು, ತೂಬು ಬೇಕು, ಕೋಡಿ ಬೇಕು ಅಂದುಕೊಂಡು ಮಣ್ಣು ಹೊತ್ತು ಸತ್ತರು. ಇದಕ್ಕೆ ಅದ್ಯಾವುದೂ ಇಲ್ಲ. ಇಳಿದವರು ಹತ್ತುವುದಕ್ಕೆ ದಾರಿಯೂ ಇಲ್ಲ. ಮೊದಲ ವಾರವೇ ಎಮ್ಮೆಯೊಂದು ಜಾರಿ ಬಿದ್ದು, ಸಂಜೆವರೆಗೂ ಗೋಡೆಗುಂಟ ಈಜಿ ಈಜಿ ಮುಳುಗಿತು. ನಕ್ಷೆಯಲ್ಲಿದ್ದ ಮೆಟ್ಟಿಲುಗಳು ಅದಕ್ಕೆ ಕಾಣಿಸಲಿಲ್ಲವೇನೋ.

ಕೆರೆ ತುಂಬಿದ ಮೇಲೆ ಬಾಗಿನ ಬಿಡಬೇಡವೇ? ಶಾಮಿಯಾನ ಬಂತು, ಮುಖಂಡರು ಬಂದರು, ಸಾಹೇಬರೂ ಬಂದರು. ಮುಖಂಡರು ಮೊರದ ಬಾಗಿನವನ್ನು ಅಂಚಿನಿಂದ ತೂರಿದರೆ ಅದು ಗಾಳಿಗೆ ತಿರುಗಿ, ನೀರು ಮುಟ್ಟದೆ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಅರಿಶಿನ ಕುಂಕುಮ ಗೋಡೆಗಾಯಿತು. ಫೋಟೊದವನು “ಎಲ್ಲಾ ಸ್ವಲ್ಪ ಮುಂದೆ ಬನ್ನಿ, ನೀರು ಕಾಣ್ಬೇಕು” ಎಂದು ಕೂಗುತ್ತಿದ್ದ. ಮುಂದೆ ಹೋದವರ ಕಾಲ ಬುಡದಲ್ಲಿ ಪ್ಲಾಸ್ಟಿಕ್ ಪಟ್ಟಿ ಬಿಲ್ಲಿನ ಹಾಗೆ ಬಾಗಿತ್ತು.

ಅಜ್ಜ ದೂರದ ಹುಣಸೆಮರದ ಬುಡದಲ್ಲಿ ಕೂತಿದ್ದ. ಬಾ ಅಜ್ಜ, ಸಿಹಿ ಕೊಡ್ತಾರೆ ಅಂದೆ.

“ನೀವು ಈಸ್ಕಂಡ್ ಬನ್ನಿ ಸಾಮಿ. ಬಿರ್‌ಬಿರ‍್ನೆ ಬನ್ನಿ.”