ಬಾಗಿಲಲ್ಲಿ ನಿಂತ ಹುಡುಗನಿಗೆ ಮೊದಲ ಮಾತು

ಮೊನ್ನೆ ರಾತ್ರಿ ಒಬ್ಬ ಹೊಸ ಟೀಚರ್ ಫೋನ್ ಮಾಡಿದ್ದರು. ರಾಯಚೂರು ಜಿಲ್ಲೆಯ ಮಾನ್ವಿ ಕಡೆ ಕೆಲಸ ಮಾಡುತ್ತಾರೆ. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ಆಯ್ತಲ್ಲ, ಅದರಲ್ಲಿ 5,000 ನಮ್ಮ ಕಲ್ಯಾಣ ಕರ್ನಾಟಕದ ಪಾಲಿಗೆ ಇತ್ತಲ್ಲ, ಆ ಬ್ಯಾಚಿನವರು. ಒಂದು ತರಬೇತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಪರಿಚಯ, ಅಷ್ಟೇ. ಆರಾಮಾ, ಊಟ ಆಯ್ತಾ ಏನೂ ಇಲ್ಲ. ನೇರ ವಿಷಯಕ್ಕೆ ಬಂದರು.

"ಸರ, ರಿಜಿಸ್ಟರ್‌ನಾಗ 41 ಮಕ್ಕಳು ಅದಾವ್ರಿ. ಎದುರಿಗೆ ಕುಂತಿದ್ದು 19. ನಾನು ಯಾರಿಗಂತ ಪಾಠ ಮಾಡ್ಲಿ?"

ಆ ತರಬೇತಿಯಲ್ಲಿ ನಾವಿಬ್ಬರೂ ಸೇರಿ ಒಂದು ಚಾರ್ಟ್ ಮಾಡಿದ್ದೆವು. ಆನಂದದ ತರಗತಿ ಅಂತ ತಲೆಬರಹ, ಮೂಲೆಯಲ್ಲಿ ನಗುವ ಸೂರ್ಯ. ಚಾರ್ಟಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದರಲ್ಲಿದ್ದ ಮಕ್ಕಳೆಲ್ಲ ದಿನಾ ಶಾಲೆಗೆ ಬರೋ ಮಕ್ಕಳು. ಬರದೇ ಇರೋ 22 ಮಕ್ಕಳ ಬಗ್ಗೆ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಫೋನಿನಲ್ಲಿ ನಾನೂ ಏನೇನೋ ತಡವರಿಸಿದೆ. ಇಟ್ಟ ಮೇಲೆ ನೆನಪಾಗಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಒಂದು ಮಾತು. ನಮ್ಮದು ಕೃಷ್ಣೆ, ತುಂಗಭದ್ರೆಯ ನಡುವಿನ ಸೀಮೆ. ಕಾಲುವೆ ನೀರು ಮುಟ್ಟಿದ ಕಡೆ ಭತ್ತ, ಮುಟ್ಟದ ಕಡೆ ಹತ್ತಿ, ತೊಗರಿ, ಮೆಣಸಿನಕಾಯಿ. ದೀಪಾವಳಿ ಹೊತ್ತಿಗೆ ಹತ್ತಿ ಒಡೆಯುತ್ತದೆ. ಬೆಳಿಗ್ಗೆ ಏಳಕ್ಕೆ ಊರ ಮುಂದೆ ಕೂಲಿಯವರನ್ನು ಒಯ್ಯೋ ಟಂಟಂ ಆಟೋ ಬಂದು ನಿಲ್ಲುತ್ತದೆ. ಹತ್ತಿ ಬಿಡಿಸೋಕೆ ದಿನದ ಕೂಲಿ ಅಲ್ಲ, ಕೆ.ಜಿ. ಲೆಕ್ಕ. ಹಾಗಾಗಿ ಮನೆಯಲ್ಲಿ ಎಷ್ಟು ಕೈ ಇದೆಯೋ ಅಷ್ಟೂ ಲೆಕ್ಕಕ್ಕೆ ಬರುತ್ತದೆ, ಆರನೇ ಕ್ಲಾಸಿನ ಕೈ ಕೂಡ. ಹತ್ತಿ ಮುಗಿಯಿತು ಅನ್ನೋ ಹೊತ್ತಿಗೆ ಮೆಣಸಿನಕಾಯಿ. ಅದೂ ಇಲ್ಲದ ಮನೆಯವರು ಗುಳೆ ಹೋಗುತ್ತಾರೆ, ಬೆಂಗಳೂರಿಗೋ ಪುಣೆಗೋ. ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಅದೂ ಹೊರಡುತ್ತದೆ.

ಅಂದರೆ ನಮ್ಮ ಕಡೆ ಮಕ್ಕಳು ಶಾಲೆ ಬಿಡುವುದು ಒಂದೇ ಸಲ ಅಲ್ಲ. ಹೋಗ್ತಾರೆ, ಬರ್ತಾರೆ. ಮತ್ತೆ ಹೋಗ್ತಾರೆ, ಮತ್ತೆ ಬರ್ತಾರೆ. ಒಂದು ಸಲ ಹೋದವರು ಬರೋದೇ ಇಲ್ಲ. ಅದು ಯಾವ ಸಲ ಅನ್ನೋದು ನಮಗೆ ಗೊತ್ತಾಗುವುದು ತುಂಬಾ ತಡವಾಗಿ.

ಒಂದು ಕ್ಲಾಸಿನ ವಾತಾವರಣ ಹೇಗಿದೆ ಅಂತ ನನಗೆ ತಿಳಿಯಬೇಕಾದರೆ ಗೋಡೆ ನೋಡಲ್ಲ. ಮೂರು ವಾರ ಬಿಟ್ಟು ಬಂದ ಮಗು ಬಾಗಿಲಲ್ಲಿ ನಿಂತಾಗ ಒಳಗಿನಿಂದ ಬರೋ ಮೊದಲ ಮಾತು ಯಾವುದು ಅಂತ ನೋಡುತ್ತೇನೆ.

ಇದನ್ನು ಬುದ್ಧಿವಂತಿಕೆಯಿಂದ ಕಂಡುಕೊಂಡೆ ಅಂದುಕೊಳ್ಳಬೇಡಿ. ಕೆಟ್ಟೆ, ಆಮೇಲೆ ಕಲಿತೆ.

ನಾನು ಕೆಲಸಕ್ಕೆ ಸೇರಿದ್ದು 2007ರಲ್ಲಿ. ಈಗ ಹೇಳೋದು 2011ರ ಕಥೆ. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿ ಒಂದು ವರ್ಷ ಆಗಿತ್ತು. ಮಕ್ಕಳ ಮೇಲೆ ಕೈ ಮಾಡಬಾರದು ಅಂತ ಎಲ್ಲ ಸಭೆಯಲ್ಲೂ ಹೇಳಿದ್ದರು. ಹಾಗಾಗಿ ನನ್ನ ಬೇವಿನ ಬರಲು ಬೀರುವಿನ ಹಿಂದೆ ಹೋಗಿತ್ತು. ನಾಲಿಗೆ ಮಾತ್ರ ಇದ್ದಲ್ಲೇ ಇತ್ತು. ಆರನೇ ಕ್ಲಾಸಿನ ಒಬ್ಬ ಹುಡುಗ 23 ದಿನ ಬಿಟ್ಟು ಬಂದು ಬಾಗಿಲಲ್ಲಿ ನಿಂತ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ತೊಳೆದ ಅಂಗಿ ಹಾಕಿದ್ದ. ನಾನು ಬೋರ್ಡಿನಿಂದ ತಿರುಗಿ, "ಬಂದ್ರಾ ಸಾವ್ಕಾರ್ರು? ಎಷ್ಟು ರೊಕ್ಕ ದುಡಕೊಂಡು ಬಂದ್ರಿ?" ಅಂದೆ. ಕ್ಲಾಸೆಲ್ಲ ಗೊಳ್ಳೆಂದಿತು. ಅವನೂ ನಕ್ಕ. ಅವನು ನಕ್ಕಿದ್ದಕ್ಕೆ ನನಗೆ ಏನೂ ತಿಳಿಯಲಿಲ್ಲ.

ಬಂದು ಕೊನೆಗೆ ಕೂತ. ನೋಟ್ಸ್ ಬರೆಯಲಿಲ್ಲ. ಯಾಕೋ ಬರೀತಿಲ್ಲ ಅಂತ ಅದಕ್ಕೂ ಬೈದೆ. ಮಧ್ಯಾಹ್ನ ಸಾಲಿನಲ್ಲಿ ಕೂತು ಅನ್ನ ಸಾಂಬಾರ್ ಉಂಡ, ತಟ್ಟೆ ತೊಳೆದಿಟ್ಟ, ಚೀಲ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದ. ಮತ್ತೆ ಬರಲಿಲ್ಲ. ಮನೆಗೆ ಎರಡು ಸಲ ಹೋದೆ. ಎರಡನೇ ಸಲ ಅವರವ್ವ, "ಅವನ ಬೆರಳು ಸೀಳ್ಯಾವ್ರಿ ಸರ, ಪೆನ್ನು ಹಿಡಿಯಾಕ ಬರಂಗಿಲ್ಲ, ಅದಕ್ಕ ಬರದಿಲ್ಲ" ಅಂದರು. ಒಡೆದ ಹತ್ತಿಕಾಯಿ ನೋಡಿದ್ದೀರಾ? ಒಳಗೆ ಬೆಣ್ಣೆಯಂಥ ಹತ್ತಿ. ಆದರೆ ಒಣಗಿದ ತೊಗಟೆಯ ತುದಿ ಮುಳ್ಳಿನ ಹಾಗೆ ಚೂಪು. ಉಗುರಿನ ಸುತ್ತ ಗೀರಿ ಗೀರಿ ಚರ್ಮ ಏಳುತ್ತದೆ. ನಾನೂ ಇದೇ ಸೀಮೆಯವನು. ಗೊತ್ತಿರಲಿಲ್ಲ ಅಂತ ಹೇಳೋ ಹಾಗೂ ಇಲ್ಲ.

ಆ ಕಾಯ್ದೆಯ 17ನೇ ಸೆಕ್ಷನ್ನನ್ನು ಆಮೇಲೆ ಕೂತು ಓದಿದೆ. ಅಲ್ಲಿ ದೈಹಿಕ ಶಿಕ್ಷೆ ಅಂತಷ್ಟೇ ಇಲ್ಲ, ಪಕ್ಕದಲ್ಲೇ ಮಾನಸಿಕ ಹಿಂಸೆ ಅಂತಲೂ ಇದೆ. ನಾವು ಸಭೆಯಲ್ಲಿ ಕೇಳಿಸಿಕೊಂಡಿದ್ದು ಅರ್ಧ ಮಾತ್ರ.

ಈಗ ಇನ್ನೊಂದು ಕಥೆ. ಇದು ಹತ್ತಿರದ್ದು.

ನಮ್ಮ ಮಸ್ಕಿ, ಲಿಂಗಸುಗೂರು ಕಡೆ ಹತ್ತಿ ಬೀಜದ ಹೊಲಗಳಿವೆ. ಅಲ್ಲಿನ ಕೆಲಸಕ್ಕೆ ಕ್ರಾಸಿಂಗ್ ಅಂತಾರೆ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಆಗಾಗ ಕಾಣೆಯಾಗುತ್ತಿದ್ದಳು. ಸೋಮವಾರ ಸೋಮವಾರ ನಾವು ಉಗುರು ನೋಡ್ತೀವಿ. ಅವಳ ಎಲ್ಲ ಬೆರಳೂ ಸ್ವಚ್ಛ, ಹೆಬ್ಬೆರಳ ಉಗುರು ಮಾತ್ರ ಉದ್ದ. ಎರಡು ವಾರ ಹೇಳಿದೆ. ಮೂರನೇ ವಾರ ಎಲ್ಲರ ಮುಂದೆ ನಿಲ್ಲಿಸಿದೆ. ಹೌದು, 2011 ಆದ ಮೇಲೂ. ಒಂದು ಸಲ ಪೆಟ್ಟು ತಿಂದರೆ ಬುದ್ಧಿ ಬಂದುಬಿಡುತ್ತೆ ಅನ್ನೋದೆಲ್ಲ ಸುಮ್ನೆ ಮಾತು.

ಡಿಸೆಂಬರಿನಲ್ಲಿ ಹೂವಿನ ಭಾಗಗಳ ಪಾಠ ಬಂತು. ಮನೆ ಮುಂದಿನ ದಾಸವಾಳ ಕಿತ್ತು ತಂದಿದ್ದೆ. ದಳ ತೋರಿಸಿದೆ, ಕೇಸರ ತೋರಿಸಿದೆ. ಪುಸ್ತಕದಲ್ಲಿ ಇದ್ದ ಹಾಗೆ ಬಿಡಿಸಿ ತೋರಿಸೋಕೆ ಹೋದರೆ ನನ್ನ ಕೈಯಲ್ಲಿ ಹೂವು ಚಿಂದಿಯಾಯಿತು. ಹಿಂದಿನಿಂದ ಸಣ್ಣ ದನಿ: "ಸರ, ಹಂಗಲ್ರಿ." ಅವಳೇ. ಕರೆದೆ. ಇನ್ನೊಂದು ಹೂವು ತಗೊಂಡಳು, ಬುಡಕ್ಕೆ ಹೆಬ್ಬೆರಳ ಉಗುರು ಒತ್ತಿದಳು, ಸುತ್ತ ತಿರುಗಿಸಿದಳು. ದಳ, ಕೇಸರ ಎಲ್ಲ ಒಂದೇ ಕೊಳವೆಯಾಗಿ ಟೊಪ್ಪಿಗೆ ತೆಗೆದ ಹಾಗೆ ಬಂತು. ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ, ಒಂಚೂರೂ ಗಾಯವಾಗದೆ ನಿಂತಿತ್ತು. ಹತ್ತಿ, ದಾಸವಾಳ, ಬೆಂಡೆ ಎಲ್ಲ ಒಂದೇ ಕುಟುಂಬ ನೋಡಿ.

"ಹೆಣ್ಣು ಗಿಡದ ಮೊಗ್ಗು ಸಂಜಿಮುಂದ ಹಿಂಗ ಸುಲಿತೀವ್ರಿ. ಮ್ಯಾಲ ಕೆಂಪು ಕಾಗದದ ಚೀಲ ಹಾಕ್ತೀವಿ. ಮುಂಜಾನೆ ಗಂಡು ಹೂ ತಂದು ಸವರೋದು. ಒಂದು ಗಂಡು ಹೂವು ನಾಕೈದಕ್ಕ ಬರ್ತೈತಿ. ಬಿಸಲು ಏರಿದ್ರ ಕಾಯಿ ಕಟ್ಟಂಗಿಲ್ರಿ."

ಅವಳು ಪುಡಿ ಅಂದಳು, ನಾನು ಬೋರ್ಡಿನಲ್ಲಿ ಪರಾಗ ಅಂತ ಬರೆದೆ. ಅವಳು ತುದಿ ಅಂದಳು, ನಾನು ಶಲಾಕಾಗ್ರ ಅಂತ ಬರೆದೆ. ಹತ್ತು ನಿಮಿಷ ನಾನು ಬರೀ ಅನುವಾದ ಮಾಡಿದೆ. ಪಾಠ ಅವಳದ್ದು. ಆ ಉಗುರಿಗೆ ನಾನು ಮೂರು ವಾರ ಬೈದಿದ್ದೆ. ಅದಿಲ್ಲದಿದ್ದರೆ ಕ್ರಾಸಿಂಗ್ ಕೆಲಸದಲ್ಲಿ ಅವಳಿಗೆ ಕೂಲಿ ಸಿಗುತ್ತಿರಲಿಲ್ಲ. ಬೆಳಿಗ್ಗೆಯ ಕೆಲಸ ಬಿಸಿಲು ಏರೋವರೆಗೆ, ಸಂಜೆಯದ್ದು ಶಾಲೆ ಬಿಡೋ ಮುಂಚೆ ಶುರು. ಶಾಲೆಯ ಹೊತ್ತು ಸರಿಯಾಗಿ ಎರಡೂ ಕಡೆ ಕತ್ತರಿಸಿಹೋಗುತ್ತದೆ.

ಇಲ್ಲಿ ಯಾರಾದರೂ ಕೇಳಿಯೇ ಕೇಳ್ತೀರಿ. ಹೊಲದ ಕೆಲಸವನ್ನು ಕ್ಲಾಸಲ್ಲಿ ಹೊಗಳಿದರೆ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಒಪ್ಪಿಕೊಂಡ ಹಾಗಾಯ್ತು, ಅಲ್ವಾ? ನನಗೂ ಈ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸಿದೆ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದಮೇಲೆ ಹೊಲದ ಕೆಲಸದಲ್ಲೂ ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಆ ಜಗಳ ಮಾಡಬೇಕು. ಆದರೆ ಯಾರ ಜೊತೆ? ಹೊಲದ ಮಾಲೀಕನ ಜೊತೆ, ಮುಂಗಡ ಕೊಟ್ಟವನ ಜೊತೆ, ಅಪ್ಪನ ಜೊತೆ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸದಸ್ಯರನ್ನು ಕರೆದುಕೊಂಡು ರಾತ್ರಿ ಮನೆಗೆ ಹೋಗಬೇಕು. ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ನಾನು ಮಾಡಿದ್ದೇನೆ, ಊರಲ್ಲಿ ನಾಲ್ಕು ಜನ ಮುಖ ತಿರುಗಿಸಿದ್ದಾರೆ, ಇರಲಿ. ಆ ಜಗಳವನ್ನು 12 ವರ್ಷದ ಹುಡುಗಿಯ ಜೊತೆ, 40 ಜನರ ಮುಂದೆ ಮಾಡುವುದು ಮಾತ್ರ ಹೇಡಿತನ. ಅವಳೇನು ಟಂಟಂ ತರಿಸಿದ್ದಳಾ?

ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ಇದೆಯಲ್ಲ, ಅದರಲ್ಲಿ ನನಗೆ ಇಷ್ಟವಾಗುವ ಒಂದು ವಿಷಯ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅಲ್ಲಿನ ಕಲಿಕಾ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ವಾಪಸ್ ಬಂದು ಅದೇ ಮೆಟ್ಟಿಲಿನಿಂದ ಶುರು ಮಾಡುತ್ತದೆ. ಉಳಿದವರು ಎಲ್ಲಿದ್ದಾರೆ ಅನ್ನೋದು ಅದಕ್ಕೆ ಸಂಬಂಧ ಇಲ್ಲ. ಕಾರ್ಡು ಜಾಸ್ತಿ, ದಾಖಲೆ ಜಾಸ್ತಿ ಅಂತ ನಾವೆಲ್ಲ ಗೊಣಗಿದ್ದೇವೆ, ಗೊಣಗಲು ಕಾರಣವೂ ಇದೆ. ಆದರೆ ಬಿಟ್ಟು ಹೋಗಿ ಬರೋ ಮಗುವಿಗೆ ಅದರಲ್ಲಿ ಒಂದು ಜಾಗ ಇತ್ತು. ನಾಲ್ಕನೇ ಕ್ಲಾಸಿಗೆ ಬರುತ್ತಿದ್ದಂತೆ ಏಣಿ ಮಾಯ. ಪುಸ್ತಕ ಓಡ್ತಾ ಇರುತ್ತದೆ, ಹಿಂದೆ ಬಿದ್ದವರು ಹಿಂದೆಯೇ.

ಹಾಗಾಗಿ ಟೀಚರಮ್ಮ, ನಾನು ಈಗ ಏನು ಮಾಡ್ತೀನಿ ಅಂತ ಹೇಳ್ತೀನಿ, ನಿಮಗೆ ಒಪ್ಪಿದ್ದು ತಗೊಳ್ಳಿ. ಮಗು ಬಾಗಿಲಿಗೆ ಬಂದರೆ ಮೊದಲು ಹೆಸರು ಹಿಡಿದು ಕರೆಯುತ್ತೇನೆ. "ಬಾ, ನಿನ್ನ ಜಾಗ ಖಾಲಿ ಐತಿ" ಅನ್ನುತ್ತೇನೆ. ಅಷ್ಟೇ. ಯಾಕೆ ಬಂದಿಲ್ಲ ಅನ್ನೋ ಪ್ರಶ್ನೆ ಮಧ್ಯಾಹ್ನದ ನಂತರ, ಒಬ್ಬರೇ ಇದ್ದಾಗ. ಅದಕ್ಕಾಗಿ ಜಾಗ ನಿಜವಾಗಿಯೂ ಖಾಲಿ ಇಟ್ಟಿರಬೇಕು. ಬಂದಿರುವ 19 ಜನರನ್ನು ಮುಂದೆ ಎಳೆದು ಕೂರಿಸಿದರೆ ಪಾಠಕ್ಕೇನೋ ಅನುಕೂಲ, ಆದರೆ ವಾಪಸ್ ಬಂದವನಿಗೆ ಉಳಿಯುವುದು ಗೋಡೆ ಪಕ್ಕದ ಕೊನೆ ಜಾಗ. ಪ್ರತಿ ಮಗುವಿಗೂ ಒಬ್ಬ ಜೊತೆಗಾರ ಇರುತ್ತಾನೆ. ಅವನು ಬಿಟ್ಟ ದಿನಗಳಲ್ಲಿ ಏನಾಯ್ತು ಅಂತ ಹೇಳುವುದು ಇವನ ಕೆಲಸ. ಪಾಠ ಅಷ್ಟೇ ಅಲ್ಲ, ಯಾರಿಗೆ ಯಾರು ಹೊಡೆದರು, ಯಾವ ದಿನ ಮೊಟ್ಟೆ ಕೊಟ್ಟರು, ಎಲ್ಲ. ಮೊದಲ ದಿನ ಬರೆಸುವುದಿಲ್ಲ, ಕೈ ನೋಡಿ ಆಮೇಲೆ.

ಹೆಸರಿನ ಬಗ್ಗೆ ಒಂದು ಅಡ್ಡ ಮಾತು. ದೇವಾನಾಂಪ್ರಿಯ ಅನ್ನೋ ಬಿರುದು ಎಷ್ಟೋ ಶಾಸನಗಳಲ್ಲಿ ಸಿಕ್ಕಿತ್ತು. ಅದರ ಜೊತೆ ಅಶೋಕ ಅನ್ನೋ ಹೆಸರೂ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿ ಬಂಡೆಯಲ್ಲಿ. ಬಿರುದಿನ ಹಿಂದಿದ್ದ ಮನುಷ್ಯ ಯಾರು ಅಂತ ಗಟ್ಟಿಯಾಯಿತು. ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಮಕ್ಕಳಿಗೆ ಇದನ್ನು ಹೇಳುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲೂ ಬಿರುದುಗಳು ಇದ್ದವು: ಗೈರು ಗಿರಾಕಿ, ಹಾಲು ಪುಡಿ, ಲಾಸ್ಟ್ ಬೆಂಚ್. ಅವನ್ನು ನಿಲ್ಲಿಸೋಕೆ ಎರಡು ವರ್ಷ ಹಿಡಿಯಿತು. ಮಕ್ಕಳಿಗಿಂತ ನಮಗೆ ಕಲಿಸೋದು ಕಷ್ಟ.

ಇನ್ನು ನಮ್ಮ ವಿಷಯ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪಟ್ಟಿ ಬಂದಾಗ ನಮ್ಮ ಭಾಗದ ಜಿಲ್ಲೆಗಳನ್ನು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತವೆ. ಆಮೇಲೆ ಸಭೆ. ಒಂದು ಸಭೆಯಲ್ಲಿ ನಾನು ಕೂರುವ ಮೊದಲೇ, "ಯಾಕ್ರಿ ನಿಮ್ಮದು ಇಷ್ಟು ಕಡಿಮೆ?" ಅಂತ ಕೇಳಿದರು. ಕಿವಿ ಬಿಸಿಯಾಯಿತು. ಸುತ್ತ ಇದ್ದವರು ಸಣ್ಣಗೆ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ಆ ಹುಡುಗ ನೆನಪಾದ.

ಮೇಲಿನಿಂದ ಬಂದದ್ದನ್ನು ಹಾಗೇ ಕೆಳಗೆ ದಾಟಿಸುತ್ತೇವೆ ನಾವು. ಹಿರಿಯ ಶಿಕ್ಷಕರು ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು. ನಾನು ಮೊದಲ ದಿನ ಬಸ್ಸು ತಪ್ಪಿಸಿಕೊಂಡು, ಟ್ರ್ಯಾಕ್ಟರ್ ಹತ್ತಿ, ಹನ್ನೊಂದು ಗಂಟೆಗೆ ಧೂಳು ಮೆತ್ತಿಕೊಂಡು ಶಾಲೆ ಮುಟ್ಟಿದ್ದೆ. ಹೆಡ್ ಮಾಸ್ತರು ಗಡಿಯಾರ ನೋಡಲಿಲ್ಲ. "ಬರ್ರಿ ಬರ್ರಿ, ಮೊದ್ಲು ನೀರು ಕುಡೀರಿ" ಅಂದರು. ಹಾಜರಿ ಪುಸ್ತಕ ಆಮೇಲೆ ತೆಗೆದರು. ಹೊಸಬರಿಗೆ ಆ ಒಂದು ಲೋಟ ನೀರು ಕೊಡೋರು ಈಗ ಎಷ್ಟು ಶಾಲೆಯಲ್ಲಿದ್ದಾರೆ? ಮೊದಲ ವಾರವೇ ನಾಲ್ಕು ನಮೂನೆ ಕೈಗೆ ಕೊಟ್ಟು ನಾಳೆ ತುಂಬಿ ತನ್ನಿ ಅಂತೀವಿ.

ಟೀಚರಮ್ಮ, ಆ 19 ನಿಮ್ಮ ಸೋಲಿನ ಲೆಕ್ಕ ಅಲ್ಲ. ಅದು ಹತ್ತಿಯ ಲೆಕ್ಕ, ಮುಂಗಡದ ಲೆಕ್ಕ. ಆ ಲೆಕ್ಕ ಪೂರ್ತಿ ನಿಮ್ಮ ಕೈಯಲ್ಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಬ್ಬೊಬ್ಬರೇ ಬರುತ್ತಾರೆ. ಬಾಗಿಲಲ್ಲಿ ನಿಲ್ಲುತ್ತಾರೆ. ಆ ಅರ್ಧ ನಿಮಿಷ ಮಾತ್ರ ಪೂರ್ತಿ ನಿಮ್ಮದು. ಸದ್ಯಕ್ಕೆ 19 ಜನರಿಗೆ ಚೆನ್ನಾಗಿ ಪಾಠ ಮಾಡಿ, ಫ್ಯಾನ್ ತಿರುಗದಿದ್ದರೆ ಬೇವಿನ ಮರದ ಕೆಳಗೆ ಮಾಡಿ. ನಮ್ಮ ಕ್ಲಾಸಿನ ಫ್ಯಾನಿಗೂ ಕಂಡೆನ್ಸರ್ ಹೋಗಿ ವರ್ಷ ಆಯ್ತು, ಶಕ್ತಿನಗರದ ವಿದ್ಯುತ್ ಸ್ಥಾವರ ಇರೋ ಜಿಲ್ಲೆಯಲ್ಲಿ.

ದಾಸವಾಳದ ಹುಡುಗಿ ಆ ಪಾಠ ಆದ ಮೇಲೆ ದಿನಾ ಬಂದಳು ಅಂತ ಬರೆಯೋಕೆ ನನಗೂ ಆಸೆ. ಹಾಗಾಗಲಿಲ್ಲ. ಮುಂದಿನ ವಾರವೇ ಹತ್ತಿ ಬಿಡಿಸೋಕೆ ಹೋದಳು, ಒಂಬತ್ತು ದಿನ ಪತ್ತೆ ಇಲ್ಲ. ಮನೆಗೆ ಹೋದರೆ ಬೀಗ. ಹತ್ತನೇ ದಿನ ಶನಿವಾರ, ಬೆಳಗಿನ ಶಾಲೆ. ಲೆಕ್ಕ ಮಾಡಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನಾನು ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಬಂದು, ಜೊತೆಗಾತಿಯನ್ನು ಸ್ವಲ್ಪ ಸರಿಸಿ, ತನ್ನ ಜಾಗದಲ್ಲಿ ಕೂತು ಚೀಲದ ಬಾಯಿ ಬಿಚ್ಚುತ್ತಿದ್ದಳು.

"ಎಲ್ಲಿಗೆ ಬಂದೈತ್ರಿ ಸರ, ಪಾಠ?"